ವಿಲ್ಲಿ ಬ್ರಾಂಟ್ ಬೇಕೆಂದೇ ವಿಶ್ವಾಸಮತ ಸೋತದ್ದೇಕೆ?

ಪ್ರಶ್ನೆ: ಪಶ್ಚಿಮ ಜರ್ಮನಿಯ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ವಿಲ್ಲಿ ಬ್ರಾಂಟ್ 1972ರ ಏಪ್ರಿಲ್‌ನಲ್ಲಿ ಅವಿಶ್ವಾಸ ಗೊತ್ತುವಳಿಯಿಂದ ಪಾರಾದರು. ಐದೇ ತಿಂಗಳಲ್ಲಿ ತಾವಾಗಿ ವಿಶ್ವಾಸಮತ ಕೇಳಿ ಸೋತರು. ಬಹುಮತ ಇದ್ದವರು ಹೀಗೇಕೆ ಮಾಡಿದರು?

ಉತ್ತರ: ಏಪ್ರಿಲ್‌ನಲ್ಲೇ ಅವರ ಬಳಿ ಬಹುಮತ ಉಳಿದಿರಲಿಲ್ಲ. ಅಂದು ವಿರೋಧ ಪಕ್ಷಕ್ಕೂ ಬಹುಮತ ಸಿಗಲಿಲ್ಲ, ಅಷ್ಟೇ. ಈ ವ್ಯತ್ಯಾಸ ಹಿಡಿದರೆ ಉಳಿದದ್ದೆಲ್ಲ ಬಿಡಿಸಿಕೊಳ್ಳುತ್ತದೆ.

ಸಂಸತ್ತಿನ ಕೆಳಮನೆ ಬುಂಡೆಸ್ಟಾಗ್‌ನಲ್ಲಿ ಪೂರ್ಣ ಮತಾಧಿಕಾರವಿದ್ದ ಸದಸ್ಯರು 496, ಬಹುಮತಕ್ಕೆ ಬೇಕಾದದ್ದು 249. (ಪಶ್ಚಿಮ ಬರ್ಲಿನ್‌ನ 22 ಸದಸ್ಯರ ಮತ ಇಂಥ ಎಣಿಕೆಗೆ ಬರುತ್ತಿರಲಿಲ್ಲ.) 1969ರಲ್ಲಿ ಬ್ರಾಂಟರ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ (ಎಸ್‌ಪಿಡಿ) 224, ಮಿತ್ರಪಕ್ಷವಾದ ಉದಾರವಾದಿ ಎಫ್‌ಡಿಪಿ 30, ಒಟ್ಟು 254. ಕೈಯಲ್ಲಿದ್ದ ಹೆಚ್ಚುವರಿ ಐದೇ ಸ್ಥಾನ. ಸೋವಿಯತ್ ಒಕ್ಕೂಟ ಮತ್ತು ಪೋಲೆಂಡ್ ಜೊತೆ 1970ರಲ್ಲಿ ಮಾಡಿಕೊಂಡ ಒಪ್ಪಂದಗಳು ಯುದ್ಧಾನಂತರದ ಗಡಿಗಳನ್ನು ಮಾನ್ಯ ಮಾಡಿದ್ದವು. ಪೂರ್ವದ ಊರುಗಳಿಂದ ಹೊರದಬ್ಬಿಸಿಕೊಂಡು ಬಂದವರ ಪ್ರತಿನಿಧಿಗಳಿಗೆ ಇದು ನುಂಗಲಾರದ ತುತ್ತು. ಎಫ್‌ಡಿಪಿಯ ಎರಿಕ್ ಮೆಂಡೆ ಸೇರಿ ಮೂವರು 1970ರಲ್ಲೇ ಹೊರನಡೆದರು. 1972ರ ಆರಂಭದಲ್ಲಿ ಎಸ್‌ಪಿಡಿಯ ಹೆರ್ಬರ್ಟ್ ಹುಪ್ಕಾ ಮುಖ್ಯ ವಿರೋಧ ಪಕ್ಷ ಸಿಡಿಯು ಸೇರಿದರು.

ವಿರೋಧ ಪಕ್ಷದ ನಾಯಕ, ಸಿಡಿಯುವಿನ ರೈನರ್ ಬಾರ್ಜೆಲ್ ಆಗ ಸಂವಿಧಾನದ 67ನೇ ವಿಧಿಯನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡರು. ಈ ವಿಧಿಯಲ್ಲಿ ‘ಇವರು ಬೇಡ’ ಎಂದಷ್ಟೇ ಹೇಳಿದರೆ ಸಾಲದು. ಮುಂದಿನ ಚಾನ್ಸಲರ್ ಯಾರೆಂದು ಹೆಸರಿಸಿ, ಅದೇ ಮತದಾನದಲ್ಲಿ ಅವರನ್ನು ಪೂರ್ಣ ಬಹುಮತದಿಂದ ಆರಿಸಬೇಕು. ಹಿಟ್ಲರ್‌ಗೂ ಮುಂಚಿನ ವೈಮಾರ್ ಗಣರಾಜ್ಯದಲ್ಲಿ ನಾಜಿಗಳೂ ಕಮ್ಯುನಿಸ್ಟರೂ ಸರ್ಕಾರವನ್ನು ಕೆಡವಲು ಒಟ್ಟಾಗುತ್ತಿದ್ದರು, ಹೊಸದನ್ನು ಕಟ್ಟಲು ಆಗುತ್ತಿರಲಿಲ್ಲ. ಆ ಪಾಠದಿಂದ ಹುಟ್ಟಿದ ನಿಯಮವಿದು.

ಏಪ್ರಿಲ್ 27ರ ಮತದಾನ ಗುಪ್ತವಾಗಿತ್ತು. ಪಕ್ಷಾಂತರಕ್ಕೆ ಆಸ್ಪದ ಕೊಡಬಾರದೆಂದು ಎಸ್‌ಪಿಡಿ ಸದಸ್ಯರಲ್ಲಿ ಹೆಚ್ಚಿನವರು ಮತಪೆಟ್ಟಿಗೆಯ ಹತ್ತಿರವೇ ಹೋಗದೆ ಕೂತಲ್ಲೇ ಕೂತರು. ಚಲಾವಣೆಯಾದದ್ದು 260 ಮತ: ಬಾರ್ಜೆಲ್ ಪರ 247, ವಿರೋಧ 10, ತಟಸ್ಥ 3. ಎರಡು ಮತ ಕಡಿಮೆ ಬಿತ್ತು. ಸಿಡಿಯುವಿನ ಯೂಲಿಯುಸ್ ಸ್ಟೈನರ್‌ಗೆ, ಬಾರ್ಜೆಲ್ ಪರ ಮತ ಹಾಕದಿರಲೆಂದು, ತಮ್ಮ ಸಂಸ್ಥೆ 50,000 ಮಾರ್ಕ್ ಕೊಟ್ಟಿತ್ತೆಂದು ಪೂರ್ವ ಜರ್ಮನಿಯ ವಿದೇಶಿ ಗೂಢಚರ್ಯೆಯ ಮುಖ್ಯಸ್ಥರಾಗಿದ್ದ ಮಾರ್ಕುಸ್ ವೋಲ್ಫ್ ಎಷ್ಟೋ ವರ್ಷಗಳ ನಂತರ ಹೇಳಿದರು.

ಬ್ರಾಂಟರ ನಿಜವಾದ ಸಂಕಟ ಶುರುವಾದದ್ದು ಮರುದಿನ. ಚಾನ್ಸಲರ್ ಕಚೇರಿಯ ಮುಂಗಡಪತ್ರಕ್ಕೆ 247–247 ಸಮಬಲ. ಸಮ ಬಂದರೆ ಪ್ರಸ್ತಾವ ಬಿದ್ದಂತೆ. ಮೇ 17ರಂದು ಒಪ್ಪಂದಗಳೇನೋ ಅಂಗೀಕಾರವಾದವು, ಆದರೆ ವಿರೋಧ ಪಕ್ಷದ ಬಹುಪಾಲು ಸದಸ್ಯರು ತಟಸ್ಥರಾದ್ದರಿಂದ. ಬ್ರಾಂಟರನ್ನು ಇಳಿಸಲು ಯಾರಿಗೂ ಬಲವಿಲ್ಲ, ಆಡಳಿತ ನಡೆಸಲು ಅವರಿಗೂ ಬಲವಿಲ್ಲ.

ಹಾಗಿದ್ದರೆ ಸದನ ವಿಸರ್ಜಿಸಿ ಚುನಾವಣೆಗೆ ಹೋಗಬಹುದಿತ್ತಲ್ಲ? ಜರ್ಮನಿಯಲ್ಲಿ ಅದು ಚಾನ್ಸಲರ್ ಕೈಯಲ್ಲಿಲ್ಲ, ಸದನಕ್ಕೂ ತನ್ನನ್ನು ತಾನೇ ವಿಸರ್ಜಿಸಿಕೊಳ್ಳುವ ಅಧಿಕಾರವಿಲ್ಲ. ಅವರಿಗೆ ಉಳಿದಿದ್ದ ದಾರಿ 68ನೇ ವಿಧಿ: ಚಾನ್ಸಲರ್ ವಿಶ್ವಾಸಮತ ಕೇಳಬೇಕು, 48 ಗಂಟೆ ಕಳೆದ ಮೇಲೆ ಮತದಾನ, ಸೋತರೆ ಅವರದೇ ಕೋರಿಕೆಯ ಮೇಲೆ ದೇಶದ ಅಧ್ಯಕ್ಷರು 21 ದಿನದೊಳಗೆ ಸದನ ವಿಸರ್ಜಿಸಬಹುದು. ಅಷ್ಟರಲ್ಲಿ ಸದನ ಬೇರೆ ಚಾನ್ಸಲರನ್ನು ಆರಿಸಿಬಿಟ್ಟರೆ ಆ ಅಧಿಕಾರ ಅಲ್ಲಿಗೇ ಮುಗಿಯಿತು. ಆದ್ದರಿಂದ ತಡಮಾಡುವಂತಿರಲಿಲ್ಲ.

ಸೆಪ್ಟೆಂಬರ್ 22ರಂದು ಸೋಲು ಖಚಿತವಾಗಲೆಂದು ಸಚಿವರು ಮತ ಹಾಕದೆ ಉಳಿದರು. ಪರ 233, ವಿರೋಧ 248. ಅಧ್ಯಕ್ಷ ಗುಸ್ಟಾವ್ ಹೈನೆಮನ್ ಅದೇ ದಿನ ಸದನ ವಿಸರ್ಜಿಸಿದರು. ನವೆಂಬರ್ 19ರ ಚುನಾವಣೆಯಲ್ಲಿ ಶೇ 91.1ರಷ್ಟು ಮತದಾನವಾಯಿತು; ಎಸ್‌ಪಿಡಿ ಶೇ 45.8 ಮತ ಪಡೆದು ಮೊದಲ ಬಾರಿಗೆ ಸಿಡಿಯು ಮತ್ತು ಅದರ ಬವೇರಿಯಾದ ಸೋದರಪಕ್ಷ ಸಿಎಸ್‌ಯು ಕೂಟವನ್ನು ಹಿಂದಿಕ್ಕಿತು. ಎಸ್‌ಪಿಡಿಯ 230ಕ್ಕೆ ಎಫ್‌ಡಿಪಿಯ 41 ಕೂಡಿ 271 ಸ್ಥಾನ.

1974ರ ಮೇ ತಿಂಗಳಲ್ಲಿ ಬ್ರಾಂಟ್ ಹುದ್ದೆ ಬಿಟ್ಟಾಗಲೂ ಈ ಬಹುಮತ ಕುಸಿದಿರಲಿಲ್ಲ. ಅವರ ಕಚೇರಿಯಲ್ಲೇ ಕೆಲಸಕ್ಕಿದ್ದ ಗುಂಟರ್ ಗಿಯೋಮ್ ಪೂರ್ವ ಜರ್ಮನಿಯ ಬೇಹುಗಾರನೆಂದು ಬಯಲಾಗಿತ್ತು. ಅವನನ್ನು ಅಲ್ಲಿಗೆ ಕಳಿಸಿದ್ದು, 1972ರಲ್ಲಿ ಸ್ಟೈನರ್‌ಗೆ ಹಣ ಕೊಟ್ಟ ಅದೇ ವೋಲ್ಫ್‌ರ ಸಂಸ್ಥೆ.