ಧಕ್ಕೆಯಲ್ಲಿ ಗಾಳಕ್ಕೆ ಬಿದ್ದದ್ದು ಸಾಲ್ಮನ್ ಹೌದಾ?

ಓದುಗರ ಪ್ರಶ್ನೆ: ಮಲ್ಪೆ ಕಡೆ ಗಾಳ ಹಾಕಿದವರೊಬ್ಬರಿಗೆ ಸಾಲ್ಮನ್ ಸಿಕ್ಕಿದ ವಿಡಿಯೊ ನೋಡಿದೆ. ಸಾಲ್ಮನ್ ಚಳಿ ದೇಶದ ಮೀನು ಅಲ್ವಾ? ನಮ್ಮ ಕಡಲಿಗೆ ಹೇಗೆ ಬಂತು?

ಬಂದಿಲ್ಲ. ಅದು ರಾವಸ್, ನಮ್ಮ ಕಡಲಿನದೇ ಮೀನು.

ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಪ್ರತಿ ಮಳೆಗಾಲಕ್ಕೂ ಇದೇ ಪ್ರಶ್ನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೋಟುಗಳೆಲ್ಲ ಧಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ. ಆಗ ಅಳಿವೆ ಬಾಗಿಲಲ್ಲಿ, ತಡೆಗೋಡೆಯ ಕಲ್ಲುಗಳ ಮೇಲೆ ಗಾಳ ಹಿಡಿದು ನಿಲ್ಲುವವರು ಜಾಸ್ತಿ. ಯಾರಿಗಾದರೂ ಮಾರುದ್ದದ ಬೆಳ್ಳಿ ಬಣ್ಣದ ಮೀನು ಬೀಳುತ್ತದೆ. ವಿಡಿಯೊಗೆ ‘ಸಾಲ್ಮನ್’ ಅಂತ ಹೆಸರು ಬೀಳುತ್ತದೆ. ಮರುದಿನ ನನಗೆ ಪ್ರಶ್ನೆ ಬರುತ್ತದೆ.

ಮೀನು ಹಿಡಿದವರು ಸುಳ್ಳು ಹೇಳುತ್ತಿಲ್ಲ. ರಾವಸ್‌ಗೆ ಇಂಗ್ಲಿಷಿನಲ್ಲಿ ‘ಇಂಡಿಯನ್ ಸಾಲ್ಮನ್’ ಎಂಬ ಹೆಸರು ಮೊದಲಿಂದಲೂ ಇದೆ. ತೊಂದರೆ ಇರುವುದು ಆ ಹೆಸರನ್ನು ನಂಬುವುದರಲ್ಲಿ. ‘ಇಂಡಿಯನ್ ಸಾಲ್ಮನ್ ಅಂದರೆ ನಮ್ಮ ದೇಶದ ಸಾಲ್ಮನ್, ಬಿಸಿ ನೀರಿಗೆ ಒಗ್ಗಿಕೊಂಡ ಜಾತಿ’ ಎಂದು ವಿವರಿಸುವವರನ್ನು ಮೀನಿನ ಅಂಗಡಿಯಲ್ಲೂ ಕಂಡಿದ್ದೇನೆ, ಹೋಟೆಲಿನಲ್ಲೂ ಕಂಡಿದ್ದೇನೆ. ಹಾಗೆ ಯಾವ ಜಾತಿಯೂ ಇಲ್ಲ. ಎರಡೂ ಹತ್ತಿರದ ನೆಂಟರಲ್ಲ, ದೂರದ ನೆಂಟರೂ ಅಲ್ಲ.

ನನ್ನ ಮಾತು ನಂಬಬೇಕಿಲ್ಲ. ಮೀನನ್ನು ಕೈಯಲ್ಲಿ ಹಿಡಿದು ನೋಡಿ.

ಮೊದಲು ಬೆನ್ನು. ರಾವಸ್‌ಗೆ ಬೆನ್ನ ಮೇಲೆ ಎರಡು ರೆಕ್ಕೆ. ಮುಂದಿನದರಲ್ಲಿ ಮುಳ್ಳು, ಹಿಂದಿನದು ಮೆತ್ತಗೆ. ಸಾಲ್ಮನ್‌ಗೆ ಬೆನ್ನ ನಡುವೆ ಮುಳ್ಳಿಲ್ಲದ ಒಂದೇ ರೆಕ್ಕೆ. ಅದರ ಹಿಂದೆ, ಬಾಲದ ಹತ್ತಿರ, ತೊಗಲಿನ ಚೂರಿನಂಥ ಇನ್ನೊಂದು ಪುಟ್ಟ ರೆಕ್ಕೆ. ಅದರಲ್ಲಿ ಕಡ್ಡಿಗಳಿರುವುದಿಲ್ಲ. ಈ ಪುಟ್ಟ ರೆಕ್ಕೆ ಬೊಂಬಿಲ್‌ಗೂ ಇದೆ, ಬೇರೆ ಕೆಲವು ಮೀನಿಗೂ ಇದೆ. ಹಾಗಾಗಿ ಅದು ಇದ್ದ ಮಾತ್ರಕ್ಕೆ ಸಾಲ್ಮನ್ ಅನ್ನಲಾಗದು. ಆದರೆ ಅದು ಇಲ್ಲದ ಸಾಲ್ಮನ್ ಹುಟ್ಟುವುದಿಲ್ಲ. ರಾವಸ್‌ಗೆ ಅದು ಇಲ್ಲ.

ಈಗ ಮೀನನ್ನು ಮಗುಚಿ, ಎದೆಯ ರೆಕ್ಕೆಯ ಕೆಳಗೆ ನೋಡಿ. ದಾರದಂಥ ಬಿಡಿ ಎಳೆಗಳು ಕಾಣುತ್ತವೆ, ಸಾಮಾನ್ಯವಾಗಿ ಒಂದೊಂದು ಬದಿಗೆ ನಾಲ್ಕು. ನನಗೆ ಈ ಮೀನಿನಲ್ಲಿ ತುಂಬಾ ಇಷ್ಟವಾದ ಭಾಗ ಇದು. ರಾವಸ್ ಇರುವುದು ಕೆಸರು ಕದಡಿದ ನೀರಿನಲ್ಲಿ. ಅಲ್ಲಿ ಕಣ್ಣು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಈ ಎಳೆಗಳಿಂದಲೇ ಅದು ನೆಲ ತಡಕಿ ಸಿಗಡಿ ಹುಡುಕುತ್ತದೆ. ವಿಜ್ಞಾನಿಗಳು ಇಟ್ಟ ಹೆಸರು ಎಲ್ಯೂಥೆರೊನೆಮಾ ಟೆಟ್ರಾಡ್ಯಾಕ್ಟೈಲಮ್. ಬಿಡಿ ಎಳೆಯ, ನಾಲ್ಕು ಬೆರಳಿನ ಮೀನು ಅಂತ ಅದರ ಅರ್ಥ. ಸಾಲ್ಮನ್‌ಗೆ ಇಂಥ ಬೆರಳಿಲ್ಲ.

ಕೊನೆಗೆ ಕೊಯ್ದು ನೋಡಿ. ರಾವಸ್ ಮಾಂಸ ಬಿಳಿ. ‘ಸಾಲ್ಮನ್ ಕೆಂಪಾಗುವುದು ಸಿಗಡಿ ತಿಂದು, ನಮ್ಮದಕ್ಕೆ ಆ ಆಹಾರ ಸಿಕ್ಕಿಲ್ಲ ಅಷ್ಟೇ’ ಎಂದು ಒಬ್ಬರು ಬರೆದಿದ್ದರು. ಅರ್ಧ ಸರಿ. ಸಾಲ್ಮನ್‌ಗೆ ಆ ಬಣ್ಣ ಬರುವುದು ಸಿಗಡಿಯಂಥ ಜೀವಿಗಳಲ್ಲಿರುವ ಆಸ್ಟಾಕ್ಸಾಂಥಿನ್ ಎಂಬ ವಸ್ತುವಿನಿಂದ. ಸಾಕಿದ ಸಾಲ್ಮನ್‌ಗೆ ಅದನ್ನು ಮೇವಿನಲ್ಲೇ ಬೆರೆಸುತ್ತಾರೆ. ಆದರೆ ರಾವಸ್ ಕೂಡ ಸಿಗಡಿಯನ್ನೇ ತಿನ್ನುತ್ತದಲ್ಲ? ತಿಂದರೂ ಮಾಂಸ ಬಿಳಿಯಾಗಿಯೇ ಉಳಿಯುತ್ತದೆ. ಆ ಬಣ್ಣವನ್ನು ಮಾಂಸದಲ್ಲಿ ಹಿಡಿದಿಟ್ಟುಕೊಳ್ಳುವ ಗುಣ ಸಾಲ್ಮನ್ ಮನೆತನದ್ದು. ರಾವಸ್ ಆ ಮನೆತನದ್ದಲ್ಲ.

ಇಷ್ಟು ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ‘ವಿಡಿಯೊದಲ್ಲಿದ್ದದ್ದು ರಾವಸ್ ಇರಬಹುದು. ಆದರೆ ಎಲ್ಲೋ ಒಂದು ನಿಜವಾದ ಸಾಲ್ಮನ್ ದಾರಿ ತಪ್ಪಿ ಇಲ್ಲಿಗೆ ಬರಬಾರದು ಅಂತೇನಿದೆ?’

ನೀರು ಬಿಡುವುದಿಲ್ಲ. ನಮ್ಮ ಕಡಲಿನ ಮೇಲ್ಭಾಗ ವರ್ಷದ ಬಹುಪಾಲು 27-30 ಡಿಗ್ರಿ ಇರುತ್ತದೆ. ಸಾಲ್ಮನ್‌ಗೆ 20 ಡಿಗ್ರಿ ದಾಟಿದರೇ ಕಷ್ಟ ಶುರು. ಆಳದಲ್ಲಿ ತಂಪಿದೆ, ಅಲ್ಲಿಂದ ಬರಬಹುದಲ್ಲ ಅಂತ ಕೇಳುತ್ತೀರಿ. ಒಳ್ಳೆಯ ಪ್ರಶ್ನೆ. ಆದರೆ ಅರಬ್ಬಿ ಸಮುದ್ರದ ಆಳದಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವ ದೊಡ್ಡ ಪದರವೇ ಇದೆ. ಸಾಲ್ಮನ್ ಆಮ್ಲಜನಕ ಜಾಸ್ತಿ ಬೇಡುವ ಮೀನು. ಮೇಲೆ ಬಿಸಿ, ಕೆಳಗೆ ಉಸಿರಿಲ್ಲ. ಸುಯೆಜ್ ಕಾಲುವೆ ದಾರಿಯೂ ಇಲ್ಲ, ಯಾಕೆಂದರೆ ಮೆಡಿಟರೇನಿಯನ್‌ಗೆ ಸೇರುವ ನದಿಗಳಲ್ಲೇ ಅಟ್ಲಾಂಟಿಕ್ ಸಾಲ್ಮನ್ ಇಲ್ಲ. ಇನ್ನು ಸಾಕಣೆಯ ಪಂಜರದಿಂದ ತಪ್ಪಿಸಿಕೊಂಡದ್ದು ಎಂಬ ವಾದ. ನಮ್ಮ ಕರಾವಳಿಯಲ್ಲಿ ಸಾಲ್ಮನ್ ಸಾಕುವ ಪಂಜರವೇ ಇಲ್ಲ. ಮಾಲ್‌ಗಳಲ್ಲಿ ಕಾಣುವ ಕಿತ್ತಳೆ ಬಣ್ಣದ ತುಂಡುಗಳು ಹೊರದೇಶದಿಂದ ಬಂದವು.

ಹಾಗಾದರೆ ಈ ಹೆಸರು ಯಾಕೆ? ಯುರೋಪಿನವರು ಹೋದಲ್ಲೆಲ್ಲ ತಮ್ಮೂರಿನ ಮೀನಿನ ಹೆಸರನ್ನು ಹಂಚಿದರು. ಬೆಳ್ಳಿ ಮೈ, ದಷ್ಟಪುಷ್ಟ, ರುಚಿ ಚೆನ್ನಾಗಿದೆ, ಅಷ್ಟಿದ್ದರೆ ಸಾಲ್ಮನ್. ಇದೇ ಜಾತಿಯ ರಾವಸ್‌ಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ‘ಕುಕ್‌ಟೌನ್ ಸಾಲ್ಮನ್’ ಅನ್ನುತ್ತಾರೆ. ‘ಆಸ್ಟ್ರೇಲಿಯನ್ ಸಾಲ್ಮನ್’ ಎಂಬುದು ಮತ್ತೊಂದು ಬೇರೆಯೇ ಮೀನು, ಅದೂ ಸಾಲ್ಮನ್ ಅಲ್ಲ. ಕೋಬಿಯಾಗೆ ‘ಬ್ಲ್ಯಾಕ್ ಸಾಲ್ಮನ್’ ಎಂಬ ಹೆಸರಿದೆ, ಅದೂ ಅಲ್ಲ. ನಾವು ಕೂಡ ಇದನ್ನೇ ಮಾಡಿದ್ದೇವೆ. ಮಂಗಳೂರಿನ ಹೋಟೆಲುಗಳಲ್ಲಿ ಕಾಣೆಗೆ ‘ಲೇಡಿ ಫಿಶ್’ ಅನ್ನುತ್ತೇವೆ. ಮೀನಿನ ಶಾಸ್ತ್ರ ಓದಿದವರಿಗೆ ಲೇಡಿ ಫಿಶ್ ಅಂದರೆ ಬೇರೆ ಮೀನು. ಬೊಂಬಿಲ್‌ಗೆ ‘ಬಾಂಬೆ ಡಕ್’ ಅಂದರೂ ಅದನ್ನು ಯಾರೂ ಬಾತುಕೋಳಿ ಅಂದುಕೊಳ್ಳುವುದಿಲ್ಲ. ರಾವಸ್ ವಿಷಯದಲ್ಲೂ ಅಷ್ಟೇ ತಿಳಿವಳಿಕೆ ಸಾಕಿತ್ತು.

ನನಗೆ ಬೇಸರವಾಗುವುದಕ್ಕೆ ಕಾರಣ ಇದೆ. ಈ ಮೀನಿಗೆ ತನ್ನದೇ ಒಳ್ಳೆಯ ಹೆಸರುಗಳಿವೆ. ಕಾರವಾರದಲ್ಲಿ ರಾವಸ್, ತಮಿಳುನಾಡಿನಲ್ಲಿ ಕಾಲಾ, ಬಂಗಾಳದಲ್ಲಿ ಗುರ್ಜಾಲಿ. ಊರೂರಲ್ಲಿ ಗುರುತಿದ್ದ ಮೀನು ಸಾಲ್ಮನ್ ಅನ್ನಿಸಿಕೊಂಡ ಕೂಡಲೇ ಯಾವುದೋ ಮೀನಿನ ನಕಲಿನಂತೆ ಕಾಣುತ್ತದೆ. ಇನ್ನು ‘ಡಾಕ್ಟರು ಸಾಲ್ಮನ್ ತಿನ್ನಿ ಅಂದರು’ ಎಂದು ರಾವಸ್ ಕೊಳ್ಳುವವರಿಗೆ ಒಂದು ಮಾತು. ರಾವಸ್ ಒಳ್ಳೆಯ ಮೀನು, ಆದರೆ ಸಾಲ್ಮನ್‌ನಷ್ಟು ಕೊಬ್ಬು ಅದರಲ್ಲಿಲ್ಲ. ಒಮೆಗಾ-3 ಬೇಕಾದರೆ ಬಂಗುಡೆ, ಬೂತಾಯಿ ತನ್ನಿ. ಖರ್ಚೂ ಕಡಿಮೆ.

ಹಾಗಂತ ಸಾಲ್ಮನ್ ಅನಿರೀಕ್ಷಿತ ಜಾಗದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ ಅಂತಲ್ಲ. ತನ್ನ ತಣ್ಣೀರಿನ ಲೋಕದಲ್ಲಿ ಅದು ಜನರನ್ನು ಚೆನ್ನಾಗಿಯೇ ಬೆರಗುಗೊಳಿಸಿದೆ. 2017ರ ಬೇಸಿಗೆಯಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್, ನಾರ್ವೆಯ ಕರಾವಳಿ ಮತ್ತು ನದಿಗಳಲ್ಲಿ ಬೆನ್ನು ಗೂನಾದ ಮೀನುಗಳು ಸಿಗತೊಡಗಿದವು. ಅಲ್ಲಿನವರಿಗೆ ಸಾಲ್ಮನ್ ಹೊಸದಲ್ಲ. ಆದರೆ ಇದು ಅವರ ಸಾಲ್ಮನ್ ಅಲ್ಲ, ಪೆಸಿಫಿಕ್ ಸಾಗರದ ಪಿಂಕ್ ಸಾಲ್ಮನ್. ದಾರಿ ತಪ್ಪಿ ಬಂದದ್ದೂ ಅಲ್ಲ. 1950ರ ದಶಕದಿಂದಲೇ ಸೋವಿಯತ್ ಒಕ್ಕೂಟದವರು ಅದನ್ನು ದೇಶದ ಪೂರ್ವ ತುದಿಯಿಂದ ತಂದು ವಾಯವ್ಯದ ಬಿಳಿ ಸಮುದ್ರದ ನದಿಗಳಿಗೆ ಬಿಡುತ್ತಿದ್ದರು. ಮೊದಲಿಗೆ ನೆಲೆ ನಿಲ್ಲಲಿಲ್ಲ. 1985ರಲ್ಲಿ ಮಗದಾನ್ ಕಡೆಯ ಓಲಾ ನದಿಯಿಂದ ತಂದ ಮೊಟ್ಟೆಗಳು ಕಚ್ಚಿಕೊಂಡವು. ಈ ಮೀನಿನ ಆಯುಸ್ಸು ಎರಡೇ ವರ್ಷ. ಹಾಗಾಗಿ ಅಲ್ಲಿ ಅದು ಹಿಂಡಾಗಿ ಬರುವುದು ಬೆಸ ಸಂಖ್ಯೆಯ ವರ್ಷಗಳಲ್ಲಿ: 2017, 2019, 2021, 2023. ನಾರ್ವೆಯವರು ಈಗ ನದಿಗೆ ಅಡ್ಡ ಬಲೆ ಕಟ್ಟಿ ಅದನ್ನು ತಡೆಯುತ್ತಿದ್ದಾರೆ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕೆ ಪೆಸಿಫಿಕಾ ಎಂಬ ಊರಿದೆ. ಅಲ್ಲಿ 1973ರಲ್ಲಿ ಕಟ್ಟಿದ ಉದ್ದನೆಯ ಪಿಯರ್, ಅಂದರೆ ದಡದಿಂದ ಕಡಲೊಳಕ್ಕೆ ಚಾಚಿದ ಕಟ್ಟೆ, ಇದೆ. ಬೇಸಿಗೆಯಲ್ಲಿ ಆಂಚೊವಿ ಮೀನಿನ ಹಿಂಡು ದಡಕ್ಕೆ ಬಂದರೆ, ಅದನ್ನು ಅಟ್ಟಿಸಿಕೊಂಡು ಚಿನೂಕ್ ಸಾಲ್ಮನ್ ಪಿಯರ್ ಬುಡಕ್ಕೇ ಬರುತ್ತದೆ. ಪಿಯರ್ ಎತ್ತರವಾದ್ದರಿಂದ ಗಾಳಕ್ಕೆ ಬಿದ್ದ ಮೀನನ್ನು ಕೆಳಗೆ ಬಲೆ ಇಳಿಸಿ ಎತ್ತಬೇಕು. ಸಾರ್ವಜನಿಕ ಪಿಯರ್ ಮೇಲೆ ಗಾಳ ಹಾಕಲು ಲೈಸೆನ್ಸ್ ಬೇಡ. ಆದರೆ ಸಾಲ್ಮನ್ ಹಿಡಿಯುವ ಅವಧಿಯ ನಿಯಮ ಅಲ್ಲೂ ಅನ್ವಯಿಸುತ್ತದೆ. ಬರಗಾಲದಲ್ಲಿ ನದಿಗಳು ಸೊರಗಿ ಮೀನು ಕಡಿಮೆಯಾದ್ದರಿಂದ 2023 ಮತ್ತು 2024ರಲ್ಲಿ ಕ್ಯಾಲಿಫೋರ್ನಿಯಾದ ಕಡಲಿನಲ್ಲಿ ಸಾಲ್ಮನ್ ಹಿಡಿಯುವುದನ್ನೇ ನಿಲ್ಲಿಸಿದ್ದರು. 2025ರಲ್ಲಿ ಹವ್ಯಾಸಿಗಳಿಗೆ ಕೆಲವೇ ದಿನ ಬಿಟ್ಟರು. ಗಾಳ ಹಿಡಿದು ಹೊರಡುವ ಮುಂಚೆ ಆ ವರ್ಷದ ನಿಯಮ ನೋಡಿಕೊಳ್ಳಿ.

ಸಾಲ್ಮನ್ ಬಗ್ಗೆ ಇಷ್ಟು ಕೇಳುವವರು ರಾವಸ್ ಬಗ್ಗೆ ಒಂದನ್ನೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ. ರಾವಸ್ ಮೊದಲು ಗಂಡಾಗಿ ಬೆಳೆಯುತ್ತದೆ. ಆಮೇಲೆ, ದೊಡ್ಡದಾಗುತ್ತಾ, ಹೆಣ್ಣಾಗಿ ಬದಲಾಗುತ್ತದೆ. ಅಂದರೆ ಧಕ್ಕೆಯಲ್ಲಿ ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಆ ಭಾರಿ ರಾವಸ್ ಬಹುಪಾಲು ಮೊಟ್ಟೆಯಿಡುವ ತಾಯಿ ಮೀನು. ಅಳಿವೆಯಲ್ಲಿ ಸಣ್ಣವನ್ನೇ ಬಾಚಿಕೊಂಡರೆ ಮುಂದೆ ತಾಯಿಯಾಗಬೇಕಾದವು ಉಳಿಯುವುದಿಲ್ಲ. ದೊಡ್ಡವನ್ನೇ ಆರಿಸಿ ಹಿಡಿದರೆ ಈಗಿನ ತಾಯಂದಿರು ಉಳಿಯುವುದಿಲ್ಲ. ಮುಂದಿನ ಸಲ ಅಂಗೈಯಷ್ಟುದ್ದದ ರಾವಸ್ ಗಾಳಕ್ಕೆ ಬಿದ್ದರೆ, ಎದೆಯ ಕೆಳಗಿನ ಎಳೆಗಳನ್ನು ಎಣಿಸಿ, ಕೈ ಒದ್ದೆ ಮಾಡಿಕೊಂಡು ಮೆಲ್ಲಗೆ ಹಿಡಿದು ನೀರಿಗೆ ಬಿಡಿ.