ಕ್ರೇಡಲ್ ಆಫ್ ಫಿಲ್ತ್: ಒಂದೇ ಆಲ್ಬಂಗೆ ಎರಡು ರೂಪ ಯಾಕೆ, ಯಾವುದನ್ನು ಮೊದಲು ಕೇಳಬೇಕು?

ಓದುಗರ ಪ್ರಶ್ನೆ: ‘ಡಸ್ಕ್ ಆಂಡ್ ಹರ್ ಎಂಬ್ರೇಸ್’ ಅಂತ ಹುಡುಕಿದರೆ 1996ರದ್ದೂ ಸಿಗುತ್ತದೆ, 2016ರದ್ದೂ ಸಿಗುತ್ತದೆ. ‘ಕ್ರೂಯೆಲ್ಟಿ ಆಂಡ್ ದ ಬೀಸ್ಟ್’ ಕೂಡ 1998ರದ್ದೊಂದು, 2019ರದ್ದೊಂದು. ಇವೆಲ್ಲ ರೀಮಾಸ್ಟರ್‌ಗಳೇ? ಹೊಸದಾಗಿ ಕೇಳುವವರು ಯಾವುದನ್ನು ಹಿಡಿಯಬೇಕು?

ಉತ್ತರ: ಎರಡೂ ಬರೀ ರೀಮಾಸ್ಟರ್ (ಮುಗಿದ ಹಳೆಯ ರೆಕಾರ್ಡಿಂಗ್‌ನ ಸದ್ದನ್ನೇ ತಿದ್ದಿ ಮತ್ತೆ ಬಿಡುವುದು) ಅಲ್ಲ. ‘ಡಸ್ಕ್’ ಎರಡಾಗಿದ್ದು ಲೇಬಲ್ (ರೆಕಾರ್ಡ್ ಕಂಪನಿ) ಜೊತೆಗಿನ ಜಗಳದಿಂದ, ‘ಕ್ರೂಯೆಲ್ಟಿ’ ಎರಡಾಗಿದ್ದು ಡ್ರಮ್ ಸದ್ದಿನ ಮೇಲಿನ ತಕರಾರಿನಿಂದ. ಬೇಗ ಉತ್ತರ ಬೇಕಿದ್ದವರಿಗೆ: ‘ಡಸ್ಕ್’ನಲ್ಲಿ 1996ರದ್ದು, ‘ಕ್ರೂಯೆಲ್ಟಿ’ಯಲ್ಲಿ 2019ರದ್ದು. ಕಾರಣ ಬೇಕಿದ್ದರೆ ಬ್ಯಾಂಡಿನ ಮೊದಲ ಏಳೆಂಟು ವರ್ಷಗಳಿಗೆ ಹೋಗಬೇಕು.

ಇಂಗ್ಲೆಂಡಿನ ಪೂರ್ವ ಭಾಗದ ಸಫೋಕ್‌ನಲ್ಲಿ 1991ರಲ್ಲಿ ಶುರುವಾದ ಮೆಟಲ್ ಬ್ಯಾಂಡ್ ಇದು. ಅಂದಿನಿಂದ ಇಂದಿನವರೆಗೆ ಉಳಿದಿರುವುದು ಗಾಯಕ ಡ್ಯಾನಿ ಫಿಲ್ತ್ ಒಬ್ಬರೇ. ಮೊದಲ ಆಲ್ಬಂ ‘ದ ಪ್ರಿನ್ಸಿಪಲ್ ಆಫ್ ಈವಿಲ್ ಮೇಡ್ ಫ್ಲೆಶ್’ 1994ರಲ್ಲಿ ಕಾಕಾಫೋನಸ್ ಎಂಬ ಚಿಕ್ಕ ಲೇಬಲ್‌ನಿಂದ ಬಂತು. ಎರಡನೆಯದಕ್ಕೆಂದು ‘ಡಸ್ಕ್’ ಹಾಡುಗಳನ್ನು 1995ರಲ್ಲಿ ರೆಕಾರ್ಡ್ ಮಾಡಿದರು. ಅಷ್ಟರಲ್ಲಿ ಲೇಬಲ್ ಜೊತೆ ಸಂಬಂಧ ಹಳಸಿತ್ತು. ಬ್ಯಾಂಡ್ ಕೂಡ ಒಡೆಯಿತು: ಗಿಟಾರ್ ನುಡಿಸುತ್ತಿದ್ದ ಪಾಲ್ ಅಲೆಂಡರ್, ಪಾಲ್ ರಯಾನ್, ಕೀಬೋರ್ಡಿನ ಬೆಂಜಮಿನ್ ರಯಾನ್ ಮೂವರೂ ಹೊರಬಿದ್ದು ‘ದ ಬ್ಲಡ್ ಡಿವೈನ್’ ಕಟ್ಟಿದರು. ರೆಕಾರ್ಡ್ ಆದ ಆಲ್ಬಂ ಕಪಾಟು ಸೇರಿತು.

ಕರಾರಿನಿಂದ ಬಿಡಿಸಿಕೊಳ್ಳಲು ಕಾಕಾಫೋನಸ್‌ಗೆ ಇನ್ನೊಂದು ರೆಕಾರ್ಡ್ ಕೊಡಲೇಬೇಕಿತ್ತು. ಹಾಗೆ 1996ರಲ್ಲಿ ಬಂದದ್ದು ‘ವಿ ಎಂಪೈರ್’: ಆರು ಹಾಡು, ಸುಮಾರು 36 ನಿಮಿಷ. ಋಣ ತೀರಿಸಲು ಮಾಡಿದ ಕೆಲಸ ಸಾಮಾನ್ಯವಾಗಿ ಸಪ್ಪೆಯಾಗಿರುತ್ತದೆ. ಇದು ಹಾಗಿಲ್ಲ, ಅವರ ಅತ್ಯಂತ ಬಿರುಸಿನ ರೆಕಾರ್ಡ್ ಇದೇ ಎಂದು ಹೇಳಲು ನಮಗೆ ಹಿಂಜರಿಕೆಯಿಲ್ಲ. ಹತ್ತು ನಿಮಿಷ ಮೀರುವ ‘ಕ್ವೀನ್ ಆಫ್ ವಿಂಟರ್, ಥ್ರೋನ್ಡ್’ ಒಂದನ್ನೇ ಕೇಳಿ ನೋಡಿ. ಹಿನ್ನೆಲೆಯ ಹೆಣ್ಣು ದನಿ ಸಾರಾ ಜೆಝಬೆಲ್ ಡೀವಾ ಅವರದ್ದು, ಬ್ಯಾಂಡಿಗೆ ಅವರು ಹಾಡಲು ಶುರುಮಾಡಿದ್ದು ಇಲ್ಲಿಂದಲೇ.

ಬಿಡುಗಡೆ ಸಿಕ್ಕಮೇಲೆ ಮ್ಯೂಸಿಕ್ ಫಾರ್ ನೇಷನ್ಸ್ ಲೇಬಲ್ ಸೇರಿ, ಹೊಸ ಗಿಟಾರ್ ವಾದಕರೊಂದಿಗೆ ‘ಡಸ್ಕ್’ ಅನ್ನು ಮತ್ತೆ ಮೊದಲಿನಿಂದ ರೆಕಾರ್ಡ್ ಮಾಡಿದರು. ಜಾಗ ಬರ್ಮಿಂಗ್‌ಹ್ಯಾಮ್‌ನ ಡಿಇಪಿ ಇಂಟರ್‌ನ್ಯಾಷನಲ್, ರೆಗೆ ಬ್ಯಾಂಡ್ ಯುಬಿ40ಯವರ ಸ್ಟುಡಿಯೋ. ಪ್ರೊಡ್ಯೂಸರ್ ಕಿಟ್ ವೂಲ್ವನ್, ಥಿನ್ ಲಿಜ್ಜಿ ಜೊತೆ ಕೆಲಸ ಮಾಡಿದವರು. ಗಿಟಾರ್, ಕೀಬೋರ್ಡ್, ಡ್ರಮ್ ಒಂದರ ಮೇಲೊಂದು ಬೀಳದೆ ಬಿಡಿಬಿಡಿಯಾಗಿ ಕೇಳುತ್ತವೆ. ‘ಹಾಂಟೆಡ್ ಶೋರ್ಸ್’ ಹಾಡಿಗೆ ವೆನಮ್ ಬ್ಯಾಂಡಿನ ಕ್ರೋನೋಸ್ ಬಂದು ದನಿ ಕೊಟ್ಟಿದ್ದಾರೆ. ಕಪಾಟಿನಲ್ಲಿದ್ದ 1995ರ ರೆಕಾರ್ಡಿಂಗ್ ಹೊರಬಂದದ್ದು 2016ರಲ್ಲಿ, ‘ದಿ ಒರಿಜಿನಲ್ ಸಿನ್’ ಎಂಬ ಉಪಶೀರ್ಷಿಕೆಯೊಂದಿಗೆ. ಹೊಸ ಇಸವಿ ನೋಡಿ ಇದೇ ಸುಧಾರಿತ ರೂಪ ಅಂದುಕೊಳ್ಳುವವರು ಬಹಳ. ನಿಜದಲ್ಲಿ ಎರಡರಲ್ಲಿ ಹಳೆಯದು ಇದು: ಒರಟು, ಮಸುಕು, ಮೊದಲ ಆಲ್ಬಂನ ತಮ್ಮನಂಥದ್ದು. ಎರಡರಲ್ಲೂ ಇರುವ ‘ಫ್ಯುನರಲ್ ಇನ್ ಕಾರ್ಪೇಥಿಯಾ’ ಹಾಡನ್ನು ಬೆನ್ನುಬೆನ್ನಿಗೆ ಹಾಕಿದರೆ ವ್ಯತ್ಯಾಸ ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಸಿಡಿ ಕೊಳ್ಳುವಾಗ ಹಿಂಬದಿಯಲ್ಲಿ ಲೇಬಲ್ ಹೆಸರು ನೋಡಿ. ಕಾಕಾಫೋನಸ್ ಅಂತಿದ್ದರೆ ಅದು 1995ರ ರೆಕಾರ್ಡಿಂಗ್.

ಇನ್ನು ‘ಕ್ರೂಯೆಲ್ಟಿ’. ಯುವತಿಯರನ್ನು ಕೊಂದ ಆರೋಪ ಹೊತ್ತ ಹಂಗೇರಿಯ ಕೌಂಟೆಸ್ ಎಲಿಜಬೆತ್ ಬಾಥೊರಿಯ ಕಥೆಯನ್ನು ಇಡೀ ಆಲ್ಬಂನಲ್ಲಿ ಹೇಳುತ್ತಾರೆ. 1971ರ ‘ಕೌಂಟೆಸ್ ಡ್ರಾಕುಲಾ’ ಚಿತ್ರದಲ್ಲಿ ಅದೇ ಪಾತ್ರ ಮಾಡಿದ್ದ ಇಂಗ್ರಿಡ್ ಪಿಟ್ ಇಲ್ಲಿಯೂ ಕೌಂಟೆಸ್ ಆಗಿ ಮಾತಾಡುತ್ತಾರೆ. ಹಾಡುಗಳ ಬಗ್ಗೆ ಯಾರಿಗೂ ಹೆಚ್ಚು ದೂರಿಲ್ಲ. ದೂರು ಇರುವುದು ಬೇಸ್ ಡ್ರಮ್ ಮೇಲೆ: ಅದು ಟೈಪ್‌ರೈಟರ್ ಕುಟ್ಟಿದಂತೆ ಟಕಟಕ ಅನ್ನುತ್ತದೆ, ಎದೆಗೆ ತಾಗುವುದಿಲ್ಲ.

ಹೀಗಾಗುವುದು ಹೇಗೆಂದರೆ, ಬೇಸ್ ಡ್ರಮ್‌ನ ಸದ್ದಿನಲ್ಲಿ ಮುಖ್ಯವಾಗಿ ಎರಡು ಭಾಗ. ಪೆಡಲ್‌ನ ಬೀಟರ್ ಚರ್ಮಕ್ಕೆ ಬಡಿಯುವ ‘ಟಕ್’ ಸುಮಾರು 3ರಿಂದ 5 ಕಿಲೋಹರ್ಟ್ಸ್‌ನಲ್ಲಿರುತ್ತದೆ, ಎದೆಗೆ ತಾಗುವ ‘ಧಂ’ 60ರಿಂದ 100 ಹರ್ಟ್ಸ್ ಆಸುಪಾಸು. ಎರಡೂ ಕಾಲಲ್ಲಿ ಅತಿವೇಗವಾಗಿ ಬಾರಿಸಿದಾಗ ಒಂದು ‘ಧಂ’ ಅಡಗುವ ಮೊದಲೇ ಇನ್ನೊಂದು ಬಂದು ಎಲ್ಲ ಕಲಸುಮೇಲೋಗರವಾಗುತ್ತದೆ. ಅದಕ್ಕೇ ಈ ಬಗೆಯ ಮೆಟಲ್ ಮಿಕ್ಸ್‌ನಲ್ಲಿ (ಎಲ್ಲ ವಾದ್ಯಗಳ ಸದ್ದು ಬೆರೆಸುವಾಗ) ಕೆಳಗಿನದನ್ನು ತಗ್ಗಿಸಿ ಮೇಲಿನದನ್ನು ಏರಿಸುವುದು ವಾಡಿಕೆ. ಅಳತೆ ತಪ್ಪಿದರೆ ‘ಟಕ್’ ಮಾತ್ರ ಉಳಿಯುತ್ತದೆ. 1998ರಲ್ಲಿ ಕೇಳುವುದು ಅದೇ. ನಿಕೋಲಸ್ ಬಾರ್ಕರ್ ಈ ಬ್ಯಾಂಡ್ ಕಂಡ ಅತ್ಯುತ್ತಮ ಡ್ರಮ್ಮರ್ ಎಂಬುದು ನಮ್ಮ ಅಭಿಪ್ರಾಯ, ಬ್ಯಾಂಡ್ ಜೊತೆ ಅವರ ಕೊನೆಯ ಆಲ್ಬಂ ಕೂಡ ಇದು (ಮುಂದೆ ನಾರ್ವೆಯ ಡಿಮ್ಮು ಬೊರ್ಗಿರ್ ಸೇರಿದರು). ಅವರ ಕೈಕಾಲಿಗೆ ಇಂಥ ಸದ್ದು ಸಿಕ್ಕಿತಲ್ಲ ಎಂಬುದು ಅಭಿಮಾನಿಗಳ ಇಪ್ಪತ್ತು ವರ್ಷದ ಕೊರಗು.

ರೀಮಾಸ್ಟರ್‌ನಿಂದ ಇದು ಸರಿಹೋಗುತ್ತಿರಲಿಲ್ಲ. ರೀಮಾಸ್ಟರ್ ಮಾಡುವವರ ಕೈಗೆ ಸಿಗುವುದು ಮಿಕ್ಸ್ ಮುಗಿದ ಎರಡು ಚಾನೆಲ್ ಮಾತ್ರ. ಅದರಲ್ಲಿ 80 ಹರ್ಟ್ಸ್ ಏರಿಸಿದರೆ ಡ್ರಮ್ ಜೊತೆ ಬೇಸ್ ಗಿಟಾರ್ ಕೂಡ ಉಬ್ಬುತ್ತದೆ. 4 ಕಿಲೋಹರ್ಟ್ಸ್ ಇಳಿಸಿದರೆ ಡ್ಯಾನಿಯ ಕಿರುಚು ಮಂಕಾಗುತ್ತದೆ. ಪ್ರತಿ ವಾದ್ಯ ಬೇರೆಬೇರೆಯಾಗಿ ಇರುವ ಮೂಲ ಟ್ರ್ಯಾಕ್‌ಗಳಿಗೇ ಹೋಗಿ ಮತ್ತೆ ಬೆರೆಸಬೇಕು. ಸಫೋಕ್‌ನ ಗ್ರೈಂಡ್‌ಸ್ಟೋನ್ ಸ್ಟುಡಿಯೋದ ಸ್ಕಾಟ್ ಆಟ್ಕಿನ್ಸ್ ಅದನ್ನೇ ಮಾಡಿದರು. ‘ರೀ-ಮಿಸ್ಟ್ರೆಸ್ಡ್’ ಹೆಸರಲ್ಲಿ 2019ರ ನವೆಂಬರ್‌ನಲ್ಲಿ ಬಂದದ್ದು ಅದು. ನುಡಿಸಾಣಿಕೆ 1998ರದ್ದೇ, ಬೆರೆಸಿದ ಕೈ ಬೇರೆ.

ಹೋಲಿಸಿ ನೋಡುವವರು ಎರಡು ವಿಷಯ ಗಮನಿಸಿ. ಜೋರಾಗಿ ಕೇಳುವುದೇ ಚೆನ್ನಾಗಿದೆ ಎಂದು ಕಿವಿ ಮೋಸ ಹೋಗುತ್ತದೆ, ಆದ್ದರಿಂದ ಆ್ಯಪ್‌ನ ವಾಲ್ಯೂಮ್ ನಾರ್ಮಲೈಸೇಶನ್ (ಎಲ್ಲವನ್ನೂ ಒಂದೇ ಜೋರಿಗೆ ತರುವ ಸೆಟ್ಟಿಂಗ್) ಆನ್ ಮಾಡಿಡಿ. ಮತ್ತೆ, ಫೋನ್ ಅಥವಾ ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಕೇಳಬೇಡಿ. ಅವುಗಳಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದು ಬಹುತೇಕ ಬರುವುದೇ ಇಲ್ಲ, ಹಾಗಾಗಿ ಎರಡೂ ಹೆಚ್ಚುಕಡಿಮೆ ಒಂದೇ ಅನ್ನಿಸುತ್ತವೆ. ಹೆಡ್‌ಫೋನ್ ಹಾಕಿ ‘ಕ್ರೂಯೆಲ್ಟಿ ಬ್ರಾಟ್ ದೀ ಆರ್ಕಿಡ್ಸ್’ ಕೇಳಿ, ಬರೀ ಕಾಲಿನ ಡ್ರಮ್ ಮೇಲೆ ಗಮನವಿಡಿ. ಆಮೇಲೆ 11 ನಿಮಿಷದ ‘ಬಾಥೊರಿ ಆರಿಯಾ’.

ಈ ಬ್ಯಾಂಡ್ ಅಂದರೆ ಹಲವರಿಗೆ ಮೊದಲು ನೆನಪಾಗುವುದು ಏಸುವನ್ನು ಹೊಲಸು ಮಾತಲ್ಲಿ ಬೈದ 1993ರ ಟೀ-ಶರ್ಟ್. ಅದನ್ನು ತೊಟ್ಟವರಿಗೆ ಇಂಗ್ಲೆಂಡಿನಲ್ಲಿ ದಂಡ ಬಿದ್ದಿದೆ, ನ್ಯೂಜಿಲೆಂಡ್‌ನ ಸೆನ್ಸಾರ್ 2008ರಲ್ಲಿ ನಿಷೇಧಿಸಿತು. ಭಕ್ತರಿಗೆ ನೋವಾಗಲೆಂದೇ ಮಾಡಿದ ಅಂಗಿ, ಅದನ್ನು ಸಮರ್ಥಿಸುವ ಗರಜು ನಮಗಿಲ್ಲ. ಆದರೆ ಆ ಗಲಾಟೆಯಲ್ಲಿ ಈ ಹಾಡುಗಳನ್ನು ಕೇಳದೆಯೇ ತಳ್ಳಿಹಾಕಿದವರು ಬಹಳ, ಅದು ಬೇಸರದ ಸಂಗತಿ.

ಕ್ರಮ ಬೇಕಿದ್ದರೆ: ಮೊದಲು 1996ರ ‘ಡಸ್ಕ್’, ಆಮೇಲೆ ‘ವಿ ಎಂಪೈರ್’, ಮೂರನೆಯದು ‘ರೀ-ಮಿಸ್ಟ್ರೆಸ್ಡ್’. ‘ಒರಿಜಿನಲ್ ಸಿನ್’ ಇವು ಮೂರೂ ಬಾಯಿಪಾಠವಾದಮೇಲೆ ಸಾಕು. ಈ ವೇಗ ಹೆಚ್ಚಾಯಿತು ಅನ್ನಿಸಿದರೆ 2000ದ ‘ಮಿಡಿಯನ್’ನಿಂದ ಶುರುಮಾಡಿ. ಗ್ರ್ಯಾಮಿಗೆ ನಾಮನಿರ್ದೇಶನ ಪಡೆದ ‘ನಿಂಫೆಟಮೀನ್’ (2004) ಇನ್ನೂ ಮೆದು. ಅಲ್ಲಿಂದ ಹಿಂದಕ್ಕೆ ಬಂದರೂ ಆದೀತು.