ನೆತ್ತಿಯ ಮೇಲೆ ಸೂರ್ಯನಿರುವಾಗ ಫ್ಲ್ಯಾಶ್ ಏಕೆ?

ಪ್ರಶ್ನೆ: ತಾಲ್ಲೂಕು ಕೇಂದ್ರವೊಂದರಲ್ಲಿ ಸ್ಟುಡಿಯೊ ನಡೆಸುತ್ತಿದ್ದೇನೆ. ನಿಮ್ಮ ಹೊರಾಂಗಣ ತರಬೇತಿಗೆ ಬರುವವರು ಫ್ಲ್ಯಾಶ್, ಸ್ಟ್ಯಾಂಡ್, ಬೆಳಕನ್ನು ಹರಡುವ ಅಂಬ್ರೆಲಾ ತರಬೇಕೆಂದು ಹೇಳುತ್ತೀರಿ. ಹೊರಗೆ ಅಷ್ಟೊಂದು ಬಿಸಿಲಿರುವಾಗ ಫ್ಲ್ಯಾಶ್ ಏಕೆ ಬೇಕು? ಬೆಳಗಿನ ಅಥವಾ ಸಂಜೆಯ ಬೆಳಕಿನಲ್ಲಿ ತೆಗೆದರೆ ಸಾಲದೆ? ಸಹಜ ಬೆಳಕಿಗಿಂತ ಚೆಂದದ್ದು ಯಾವುದಿದೆ?

ಉತ್ತರ: ತರಬೇತಿಯ ಪ್ರತಿ ತಂಡದಲ್ಲೂ ಯಾರಾದರೊಬ್ಬರು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಹಾಗೆ ಕೇಳುವವರು ಬಹುಮಟ್ಟಿಗೆ ವರ್ಷಗಟ್ಟಲೆ ಮದುವೆ ತೆಗೆದು ಕೈ ಪಳಗಿದವರು. ಆದ್ದರಿಂದ ಇದಕ್ಕೆ ಪೂರ್ತಿ ಉತ್ತರ ಕೊಡುವುದು ನನ್ನ ಹೊಣೆ ಎಂದುಕೊಂಡಿದ್ದೇನೆ. ಬೆಳಕು ಸಾಲದೆಂದು ನಾವು ಹೊರಗೆ ಫ್ಲ್ಯಾಶ್ ಒಯ್ಯುವುದಿಲ್ಲ. ಬೆಳಕು ಮುಖಕ್ಕೆ ಒಗ್ಗದ ಕಡೆಯಿಂದ ಬರುತ್ತಿರುತ್ತದೆ, ಸೂರ್ಯನನ್ನು ಸರಿಸಿ ಕೂರಿಸುವುದು ನಮ್ಮ ಕೈಲಾಗದು, ಅದಕ್ಕಾಗಿ ಒಯ್ಯುತ್ತೇವೆ.

ಕರ್ನಾಟಕದಲ್ಲಿ ಈ ತೊಂದರೆ ಇನ್ನೂ ಜೋರು. ನಮ್ಮ ರಾಜ್ಯ ಇರುವುದು ಸುಮಾರು 11.5 ಮತ್ತು 18.5 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ. ವರ್ಷಕ್ಕೆ ಎರಡು ಬಾರಿ ಸೂರ್ಯ ಇಲ್ಲಿ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ ಬರುವುದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ. ಚಾಮರಾಜನಗರದಿಂದ ಬೀದರ್‌ವರೆಗೆ ಒಂದೊಂದೇ ಊರಿನ ನೆತ್ತಿಯನ್ನು ಸೂರ್ಯ ದಾಟಿಕೊಂಡು ಹೋಗುವುದು ಏಪ್ರಿಲ್ 20ರ ಹೊತ್ತಿನಿಂದ ಮೇ ಮಧ್ಯದವರೆಗೆ. ಈಗ ನಿಮ್ಮ ಬುಕಿಂಗ್ ಡೈರಿಯನ್ನು ತೆರೆದು ನೋಡಿ. ಅಕ್ಷಯ ತೃತೀಯ ಬರುವುದು ಈ ದಿನಗಳಲ್ಲಿ, ಶಾಲೆಗಳಿಗೆ ರಜೆ ಇರುವುದು ಈ ದಿನಗಳಲ್ಲಿ, ಮದುವೆಗಳು ಒತ್ತಿಕೊಂಡು ಬರುವುದೂ ಈ ದಿನಗಳಲ್ಲಿಯೇ. ಲಗ್ನಪತ್ರಿಕೆಯಲ್ಲಿ ‘ಅಭಿಜಿನ್ ಲಗ್ನ’ ಎಂದು ಅಚ್ಚಾಗಿದ್ದರೆ ಮುಹೂರ್ತ ನಡುಹಗಲಿಗೆ ಬೀಳುತ್ತದೆ, ಅಂದರೆ ಸೂರ್ಯ ಆ ದಿನದ ಅತಿ ಎತ್ತರದಲ್ಲಿರುವ ಹೊತ್ತಿಗೆ. ಧಾರೆ ಮುಗಿದು ವಧೂವರರು ಹೊರಗೆ ಬಂದಾಗ, ಊಟಕ್ಕೆ ಎಲೆ ಹಾಕಿದ್ದಾರೆ ಬೇಗ ಮುಗಿಸಿ ಎಂದು ಹಿರಿಯರು ಅವಸರ ಮಾಡುವಾಗ, ನಿಮಗೆ ಸಿಗುವುದು ಈ ಬೆಳಕೇ. ಹುಬ್ಬಿನ ಕೆಳಗೆ ಕಣ್ಣುಗಳು ಕಪ್ಪು ಗುಳಿಗಳಾಗುತ್ತವೆ, ಮೂಗಿನ ನೆರಳು ಮೇಲ್ದುಟಿಯ ಮೇಲೆ ಬೀಳುತ್ತದೆ, ಹಣೆ ಮತ್ತು ಭುಜ ಬೆಳ್ಳಗೆ ಸುಟ್ಟುಹೋಗುತ್ತವೆ.

ಸಂಜೆಯವರೆಗೆ ಕಾಯಬಾರದೇಕೆ ಎಂಬುದು ನಿಮ್ಮ ಪ್ರಶ್ನೆಯ ಎರಡನೆಯ ಭಾಗ. ಕಾಯಲು ಬಿಡುವ ಮನೆಯವರಿದ್ದರೆ ಖಂಡಿತ ಕಾಯಿರಿ, ನಾನೂ ಕಾಯುತ್ತೇನೆ. ಆದರೆ ಇಲ್ಲಿಯ ಸಂಜೆ ಬಹಳ ಬೇಗ ಜಾರಿಹೋಗುತ್ತದೆ. ಉಷ್ಣವಲಯದಲ್ಲಿ ಸೂರ್ಯ ಓರೆಯಾಗಿ ಇಳಿಯುವುದಿಲ್ಲ, ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ದಿಗಂತದಿಂದ 6 ಡಿಗ್ರಿ ಎತ್ತರದಲ್ಲಿರುವ ಸೂರ್ಯ ಬೆಂಗಳೂರಿನಲ್ಲಿ ಮುಳುಗಲು ಹಿಡಿಯುವುದು ಸುಮಾರು 25 ನಿಮಿಷ. ಲಂಡನ್‌ನಲ್ಲಿ ಹಗಲು ಇರುಳು ಸಮನಾಗಿರುವ ದಿನಗಳಲ್ಲೇ ಇದಕ್ಕೆ 40 ನಿಮಿಷ ಬೇಕು, ಜೂನ್‌ನಲ್ಲಿ ಇನ್ನೂ ಹೆಚ್ಚು. ವಿದೇಶಿ ವಿಡಿಯೊಗಳಲ್ಲಿ ಹೊಂಬೆಳಕಿನಲ್ಲಿ ಆರಾಮವಾಗಿ ನಾಲ್ಕು ಜಾಗ ಬದಲಿಸುವುದನ್ನು ನೋಡಿ ಅದೇ ಲೆಕ್ಕದಲ್ಲಿ ಹೊರಟರೆ, ಎರಡನೆಯ ಜಾಗಕ್ಕೆ ಹೋಗುವಷ್ಟರಲ್ಲಿ ಇಲ್ಲಿ ಕತ್ತಲಾಗಿರುತ್ತದೆ.

ನನ್ನ ವಾರದ ದಿನಗಳ ಕೆಲಸವೂ ಇದೇ ಪಾಠವನ್ನು ಹೇಳುತ್ತದೆ. ಭಾವಚಿತ್ರ ಬೇಕಾದವರಲ್ಲಿ ಕಂಪನಿಯ ಅಧಿಕಾರಿಗಳಿರುತ್ತಾರೆ, ರಂಗಪ್ರವೇಶಕ್ಕೆ ಸಿದ್ಧರಾಗುವ ಭರತನಾಟ್ಯದ ವಿದ್ಯಾರ್ಥಿನಿಯರಿರುತ್ತಾರೆ, ಪುಸ್ತಕದ ಹಿಂಬದಿಗೆ ಫೋಟೊ ಬೇಕಾದ ಲೇಖಕರಿರುತ್ತಾರೆ. ಸಮಯವನ್ನು ಗೊತ್ತು ಮಾಡುವವರು ಅವರೇ. ಅಧಿಕಾರಿಗೆ ಬಿಡುವು ಸಿಗುವುದು ಊಟದ ವಿರಾಮದಲ್ಲಿ. ನರ್ತಕಿಗೆ ಅಲಂಕಾರ ಮುಗಿಯುವಾಗ ಹನ್ನೊಂದು ದಾಟಿರುತ್ತದೆ. ಬೆಳಕನ್ನು ಕೈಯಲ್ಲಿ ಹಿಡಿದುಕೊಂಡು ಹೋಗುವವನಿಗೆ ಮಾತ್ರ ಇವರ ಹೊತ್ತಿಗೆ ಹೊಂದಿಕೊಳ್ಳಲು ಸಾಧ್ಯ.

ಹಾಗೆಂದು ತರಗತಿಯ ಮೊದಲ ಗಂಟೆಯಲ್ಲಿ ಫ್ಲ್ಯಾಶ್ ಚೀಲದಿಂದ ಹೊರಗೆ ಬರುವುದಿಲ್ಲ. ಬಯಲಿನಲ್ಲಿ ಒಬ್ಬರನ್ನು ನಿಲ್ಲಿಸಿ ನಿಧಾನವಾಗಿ ಒಂದು ಸುತ್ತು ತಿರುಗಲು ಹೇಳುತ್ತೇನೆ. ಉಳಿದವರು ಕ್ಯಾಮೆರಾ ಕೆಳಗಿಟ್ಟು ಮೂಗಿನ ನೆರಳು ಎಲ್ಲಿ ಬೀಳುತ್ತದೆ, ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಯಾವಾಗ ಮೂಡುತ್ತದೆ ಎಂದಷ್ಟೇ ನೋಡಬೇಕು. ಆಮೇಲೆ ಅದೇ ವ್ಯಕ್ತಿಯನ್ನು ಕಲ್ಲಿನ ಮಂಟಪದ ಅಂಚಿಗೆ ಕರೆತರುತ್ತೇವೆ. ಮೇಲೆ ಚಾವಣಿ, ಒಂದು ಕಡೆ ಬಯಲು. ತಕ್ಷಣ ಮುಖ ತಿದ್ದಿಕೊಳ್ಳುತ್ತದೆ. ಮೇಲಿನ ಬೆಳಕನ್ನು ಚಾವಣಿ ತಡೆದು ಪಕ್ಕದ ಬೆಳಕನ್ನು ಮಾತ್ರ ಒಳಗೆ ಬಿಟ್ಟಿತು. ಇದನ್ನು ಕಣ್ಣಾರೆ ಕಂಡವರಿಗೆ ಫ್ಲ್ಯಾಶಿನ ಕೆಲಸವನ್ನು ಹೆಚ್ಚು ವಿವರಿಸಬೇಕಾಗುವುದಿಲ್ಲ. ಚಾವಣಿಯಿಲ್ಲದ ಜಾಗದಲ್ಲಿ ಆ ಪಕ್ಕದ ಬೆಳಕನ್ನು ನಾವು ಮಾಡಿಕೊಳ್ಳುತ್ತೇವೆ, ಅಷ್ಟೇ.

ಇನ್ನು ಯಂತ್ರದ ಮಾತು. ಇದು ಒಮ್ಮೆ ತಲೆಗೆ ಹೋದರೆ ಉಳಿದದ್ದೆಲ್ಲ ಅಭ್ಯಾಸ. ಹೊರಾಂಗಣದಲ್ಲಿ ಫ್ಲ್ಯಾಶ್ ಬಳಸಿದಾಗ ಒಂದೇ ಚಿತ್ರದೊಳಗೆ ಎರಡು ಎಕ್ಸ್‌ಪೋಶರ್‌ಗಳಿರುತ್ತವೆ. ಬಿಸಿಲಿನದು ಒಂದು, ಫ್ಲ್ಯಾಶಿನದು ಇನ್ನೊಂದು. ಫ್ಲ್ಯಾಶ್ ಹೊತ್ತಿ ಆರುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸಿನಲ್ಲಿ. ಶಟರ್ ಅದಕ್ಕಿಂತ ಹೆಚ್ಚು ಹೊತ್ತು ತೆರೆದಿರುವುದರಿಂದ ಶಟರ್ ವೇಗ ಬದಲಾದರೂ ಫ್ಲ್ಯಾಶಿನ ಬೆಳಕು ಬದಲಾಗದು. ಬದಲಾಗುವುದು ಹಿನ್ನೆಲೆ ಮಾತ್ರ. ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಮತ್ತು ಐಎಸ್‌ಒ (ಕ್ಯಾಮೆರಾ ಬೆಳಕನ್ನು ಗ್ರಹಿಸುವ ಚುರುಕು) ಬಿಸಿಲು, ಫ್ಲ್ಯಾಶ್ ಎರಡರ ಬೆಳಕನ್ನೂ ಬದಲಿಸುತ್ತವೆ. ಫ್ಲ್ಯಾಶಿನ ಪವರ್ ಮತ್ತು ಅದು ಇರುವ ದೂರ ಮುಖವನ್ನು ಮಾತ್ರ ಬದಲಿಸುತ್ತವೆ. ಆದ್ದರಿಂದ ಮೊದಲು ಫ್ಲ್ಯಾಶ್ ಆರಿಸಿಟ್ಟು ಆಕಾಶ, ಗೋಪುರ, ಮರ ಹೇಗೆ ಬೇಕೋ ಹಾಗೆ ಬರುವಂತೆ ಕ್ಯಾಮೆರಾವನ್ನು ಮ್ಯಾನ್ಯುವಲ್‌ನಲ್ಲಿ ನಿಲ್ಲಿಸಿ. ಮುಖ ಕಪ್ಪಾಗಿ ಬರಲಿ, ಚಿಂತೆಯಿಲ್ಲ. ಅನಂತರ ಫ್ಲ್ಯಾಶ್ ಹೊತ್ತಿಸಿ ಮುಖವನ್ನು ಹಿನ್ನೆಲೆಯ ಮಟ್ಟಕ್ಕೆ ತನ್ನಿ. ಈ ಅನುಕ್ರಮವನ್ನು ತಲೆಕೆಳಗು ಮಾಡಿದವರು ಎರಡರ ನಡುವೆ ಸಿಕ್ಕಿ ಒದ್ದಾಡುವುದನ್ನು ಪ್ರತಿ ತಂಡದಲ್ಲೂ ನೋಡುತ್ತೇನೆ.

ಶಟರ್‌ಗೆ ಒಂದು ಮಿತಿಯಿದೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಶಟರ್ ವೇಗ ಸೆಕೆಂಡಿನ 1/200 ಅಥವಾ 1/250 ದಾಟಿದರೆ, ಶಟರಿನ ಎರಡು ಪರದೆಗಳಲ್ಲಿ ಮೊದಲನೆಯದು ಪೂರ್ತಿ ತೆರೆಯುವ ಮುನ್ನವೇ ಎರಡನೆಯದು ಮುಚ್ಚತೊಡಗುತ್ತದೆ. ಚಿತ್ರದ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಬರುವುದು ಇದರಿಂದ. ನಡುಬಿಸಿಲಿನಲ್ಲಿ ಐಎಸ್‌ಒ 100, ಶಟರ್ 1/200 ಇಟ್ಟರೆ ಅಪರ್ಚರ್ ಎಫ್/11ಕ್ಕೆ ಬಂದು ನಿಲ್ಲುತ್ತದೆ (ಈ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು). ಹಿನ್ನೆಲೆ ಮಸುಕಾಗಲೆಂದು ಎಫ್/2.8 ಬೇಕೆನ್ನುವವರು ನಾಲ್ಕು ಸ್ಟಾಪ್‌ಗಳಷ್ಟು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಎಂಬ ಬೂದು ಗಾಜನ್ನು ಲೆನ್ಸಿಗೆ ಹಾಕಿಕೊಳ್ಳಬೇಕು, ಇಲ್ಲವೇ ಶಟರ್ ಈ ಮಿತಿ ದಾಟಿದರೂ ಕೆಲಸ ಮಾಡುವ, ಫ್ಲ್ಯಾಶಿನ ಹೈಸ್ಪೀಡ್ ಸಿಂಕ್ ಬಳಸಬೇಕು. ಹೈಸ್ಪೀಡ್ ಸಿಂಕ್‌ನಲ್ಲಿ ಫ್ಲ್ಯಾಶಿನ ಶಕ್ತಿ ಬಹಳ ಸೋರಿಹೋಗುತ್ತದೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ.

ಎಫ್/11 ಎಂದರೆ ಸಣ್ಣ ಫ್ಲ್ಯಾಶಿಗೆ ಎಷ್ಟು ಭಾರ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಫ್ಲ್ಯಾಶಿನ ಬಲವನ್ನು ಹೇಳುವ ಗೈಡ್ ನಂಬರನ್ನು ಮೀಟರ್‌ನಲ್ಲಿ ಅಳೆದ ದೂರದಿಂದ ಭಾಗಿಸಿದರೆ ಅಪರ್ಚರ್ ಸಿಗುತ್ತದೆ. ಪೆಟ್ಟಿಗೆಯ ಮೇಲೆ 60 ಎಂದು ಬರೆದಿದ್ದರೆ ಅದು 200 ಎಂಎಂ ಜೂಮ್‌ನಲ್ಲಿ ಬೆಳಕನ್ನು ಒಂದೆಡೆಗೆ ಕೂಡಿಸಿದಾಗಿನ ಅಂಕಿ. ಅಂಬ್ರೆಲಾ ತುಂಬುವಂತೆ ಬೆಳಕನ್ನು ಹರಡಿದರೆ ಅದು 36ರ ಸುಮಾರಿಗೆ ಇಳಿಯುತ್ತದೆ. ಬಿಳಿ ಅಂಬ್ರೆಲಾ ಇನ್ನೆರಡು ಸ್ಟಾಪ್ ನುಂಗಿದರೆ ಈ ಅಂಕಿ ಅರ್ಧವಾಗಿ ಉಳಿಯುವುದು 18. ಅದನ್ನು 11ರಿಂದ ಭಾಗಿಸಿ ನೋಡಿ, ಒಂದೂವರೆ ಮೀಟರ್‌ಗಿಂತ ಸ್ವಲ್ಪವೇ ಹೆಚ್ಚು. ಪೂರ್ಣ ಶಕ್ತಿಯಲ್ಲಿ ಅಷ್ಟು ಹತ್ತಿರ ಹಿಡಿದರೆ ಮಾತ್ರ ಸಣ್ಣ ಫ್ಲ್ಯಾಶ್ ಬಿಸಿಲಿಗೆ ಸಮನಾಗುತ್ತದೆ. ಅದಕ್ಕೇ ಬಿಸಿಲಿನೊಂದಿಗೆ ಸೆಣಸುವ ಬದಲು ಅದನ್ನು ಬೆನ್ನಿಗೆ ಹಾಕಿಕೊಳ್ಳಲು ಕಲಿಸುತ್ತೇನೆ. ಸೂರ್ಯ ಕೂದಲಿಗೂ ಭುಜಕ್ಕೂ ಅಂಚು ಕೊಡಲಿ. ಮುಖವನ್ನು ಹಿನ್ನೆಲೆಗಿಂತ ಒಂದು ಸ್ಟಾಪ್ ಕೆಳಗೆ ಇಟ್ಟರೆ ಸಾಕು, ನೋಡುವವರಿಗೆ ಅದೇ ಸಹಜವೆನಿಸುತ್ತದೆ, ಅಂಬ್ರೆಲಾವನ್ನು ಎರಡು ಮೀಟರ್ ಆಚೆಗೂ ಸರಿಸಬಹುದು.

ಅಂಬ್ರೆಲಾ ಹತ್ತಿರವಿರಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್. ಆದರೆ ಅವನಿರುವುದು 15 ಕೋಟಿ ಕಿಲೋಮೀಟರ್ ದೂರದಲ್ಲಿ, ಹಾಗಾಗಿ ನಮಗೆ ಅರ್ಧ ಡಿಗ್ರಿಯಷ್ಟೇ ಅಗಲವಾಗಿ ಕಾಣುತ್ತಾನೆ. ಒಂದು ಮೀಟರ್ ಅಗಲದ ಅಂಬ್ರೆಲಾ ಒಂದೂವರೆ ಮೀಟರ್ ದೂರದಲ್ಲಿದ್ದರೆ ಅದರ ಅಗಲ 37 ಡಿಗ್ರಿಯ ಹತ್ತಿರ. ನೆರಳಿನ ಅಂಚು ಗಡುಸೋ ಮೃದುವೋ ಎಂಬುದನ್ನು ತೀರ್ಮಾನಿಸುವುದು ಮುಖದ ಕಡೆಯಿಂದ ಕಾಣುವ ಈ ಅಗಲ. ಇದನ್ನು ಕೇಳಿದ ಮೇಲೆ ವಿದ್ಯಾರ್ಥಿಗಳು ತಾವಾಗಿಯೇ ಸ್ಟ್ಯಾಂಡನ್ನು ಹತ್ತಿರಕ್ಕೆ ಎಳೆದುಕೊಳ್ಳುವುದನ್ನು ನೋಡಲು ನನಗೆ ಬಹಳ ಇಷ್ಟ. ಆದರೆ ಎರಡು ಸಾಲಿನಲ್ಲಿ ನಿಂತ ಇಡೀ ಕುಟುಂಬವನ್ನು ತೆಗೆಯುವಾಗ ಇದೇ ಅಭ್ಯಾಸ ಕೈಕೊಡುತ್ತದೆ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮುಂದಿನ ಸಾಲಿನ ಅಜ್ಜಿ ಬೆಳ್ಳಗಾಗಿ, ಹಿಂದಿನ ಸಾಲಿನ ಸೋದರಮಾವಂದಿರು ಕತ್ತಲಲ್ಲಿ ಉಳಿಯುತ್ತಾರೆ. ಅಲ್ಲಿ ಫ್ಲ್ಯಾಶನ್ನು ಹಿಂದಕ್ಕೂ ಎತ್ತರಕ್ಕೂ ಒಯ್ಯಬೇಕು, ಅಂಬ್ರೆಲಾ ತೆಗೆದುಹಾಕಿದರೂ ಸರಿಯೇ.

ನಮ್ಮ ಮದುಮಗನ ಉಡುಪಿನದು ಪ್ರತ್ಯೇಕ ಸಮಸ್ಯೆ. ಬಿಳಿ ಪಂಚೆ, ಬಿಳಿ ಶಲ್ಯ, ಅದರ ಮೇಲೆ ಕಂದು ಮೈಬಣ್ಣದ ಮುಖ. ಮುಖಕ್ಕೆ ಬೇಕಾದಷ್ಟು ಬೆಳಕು ಕೊಟ್ಟರೆ ಪಂಚೆಯ ನೆರಿಗೆಗಳೆಲ್ಲ ಅಳಿಸಿಹೋಗುತ್ತವೆ. ಅಂಬ್ರೆಲಾವನ್ನು ಎದೆಯ ಕಡೆಗೆ ಗುರಿಯಿಡದೆ ಸ್ವಲ್ಪ ಮೇಲಕ್ಕೆ ತಿರುಗಿಸಿ. ಅದರ ಕೆಳ ಅಂಚಿನ ಬೆಳಕು ಮುಖಕ್ಕೆ ತಾಗಲಿ, ಪಂಚೆಯ ಕಡೆಗೆ ಬೆಳಕು ತಾನಾಗಿ ಕಡಿಮೆಯಾಗುತ್ತದೆ. ಹತ್ತಾರು ಸಾವಿರ ಖರ್ಚು ಮಾಡಿ ಹೊಸ ಲೆನ್ಸ್ ಕೊಂಡರೂ ಸಿಗದ ಸುಧಾರಣೆ ಇಷ್ಟು ತಿರುಗಿಸುವುದರಲ್ಲಿ ಸಿಗುತ್ತದೆ. ಹಣೆಯ ಬೆವರು ಹೊಳೆಯುತ್ತಿದ್ದರೆ ಒರೆಸಲು ಮೆತ್ತನೆಯ ಬಟ್ಟೆಯೊಂದು ಜೇಬಿನಲ್ಲಿರಲಿ.

ಶಾಮಿಯಾನದ ಕೆಳಗೆ ಬಣ್ಣದ ತೊಡಕು ಶುರುವಾಗುತ್ತದೆ. ಕೆಂಪು ಹಳದಿ ಬಟ್ಟೆಯಿಂದ ಸೋಸಿ ಬರುವ ಬಿಸಿಲು ಎಲ್ಲರ ಕೆನ್ನೆಗೂ ಅದೇ ಬಣ್ಣ ಹಚ್ಚುತ್ತದೆ, ಫ್ಲ್ಯಾಶ್ ಬೆಳಕನ್ನು ಆ ಬಟ್ಟೆಗೆ ತಾಗಿಸಿ ಬೌನ್ಸ್ ಮಾಡಿದರೆ ಇನ್ನಷ್ಟು ಹಚ್ಚಿದಂತೆ. ಅಲ್ಲಿ ಅಂಬ್ರೆಲಾದ ನೇರ ಬೆಳಕೇ ಗತಿ. ಕಲ್ಯಾಣ ಮಂಟಪದೊಳಗೆ ಹಳದಿ ಬಲ್ಬುಗಳಿದ್ದರೆ ಅವುಗಳ ಬಣ್ಣ 3200 ಕೆಲ್ವಿನ್‌ನ ಆಸುಪಾಸು, ಫ್ಲ್ಯಾಶಿನದು 5500 (ಈ ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ). ಜೆಲ್ ಎಂಬ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆಯೊಂದನ್ನು ಫ್ಲ್ಯಾಶಿಗೆ ಅಂಟಿಸಿ ಎರಡನ್ನೂ ಒಂದು ಮಾಡಬೇಕು.

ಈ ಕಲಿಕೆಗೆ ಜನ ಬರುವುದು ಆಷಾಢದಲ್ಲಿ ಮತ್ತು ಧನುರ್ಮಾಸದಲ್ಲಿ. ಮದುವೆಗಳಿಲ್ಲದ ಆ ದಿನಗಳಲ್ಲಿ ಸ್ಟುಡಿಯೊದವರಿಗೆ ಬಿಡುವು, ನನ್ನಂಥವರಿಗೂ ತರಗತಿಯ ಶುಲ್ಕವೇ ಆ ತಿಂಗಳ ಆಸರೆ. ಆಷಾಢದಲ್ಲಿ ಮೋಡ ಕವಿದಿರುತ್ತದೆ. ಮೋಡದ ಬೆಳಕು ಮೃದು, ಆದರೆ ಅದೂ ಮೇಲಿನಿಂದಲೇ ಬರುವುದು. ಕಣ್ಣಿನ ಕೆಳಗಿನ ಮಬ್ಬು ಹಾಗೆಯೇ ಉಳಿಯುತ್ತದೆ. ಆಗ ಸಣ್ಣ ಫ್ಲ್ಯಾಶಿನ ಕಾಲುಭಾಗ ಶಕ್ತಿಯೇ ಸಾಕಾಗುವುದರಿಂದ ಕೈ ಸುಲಭವಾಗಿ ಪಳಗುತ್ತದೆ. ಏಪ್ರಿಲ್‌ನ ಬಿಸಿಲಿಗೆ ಹೋಗುವ ಮೊದಲು ಇನ್ನೊಂದು ದಿನ ಬರಲೇಬೇಕೆಂದು ಎಲ್ಲರಿಗೂ ಹೇಳಿ ಕಳಿಸುತ್ತೇನೆ. ಜಾಗದ ಅನುಮತಿ ಪಡೆಯುವುದು ತರಗತಿಯಷ್ಟೇ ಕೆಲಸ ಕೊಡುತ್ತದೆ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್, ಲೈಟ್ ಇಡಲು ಮುಂಚಿತವಾಗಿ ಒಪ್ಪಿಗೆ ಬೇಕು. ಕೈಯಲ್ಲಿ ಕ್ಯಾಮೆರಾ ಹಿಡಿದವನನ್ನು ಸುಮ್ಮನೆ ಬಿಡುವ ಕಾವಲುಗಾರ ಸ್ಟ್ಯಾಂಡ್ ಕಂಡ ಕೂಡಲೇ ಹತ್ತಿರ ಬರುತ್ತಾನೆ, ಅದು ಅವನ ಕರ್ತವ್ಯ. ಮಾರುಕಟ್ಟೆಯಲ್ಲಿ ಹೂ ಮಾರುವವರ ಚಿತ್ರ ತೆಗೆಯುವಾಗ ಮೊದಲು ಕೇಳಬೇಕು, ಫ್ಲ್ಯಾಶ್ ಹೊತ್ತುತ್ತದೆಂದು ತಿಳಿಸಬೇಕು, ಪ್ರಿಂಟ್ ತಂದುಕೊಡುತ್ತೇನೆಂದು ಹೇಳಿದ್ದರೆ ತಂದುಕೊಡಲೇಬೇಕು. ಇದರಲ್ಲಿ ನನ್ನ ತರಗತಿಯಲ್ಲಿ ರಿಯಾಯಿತಿ ಇಲ್ಲ.

ಸಹಜ ಬೆಳಕೇ ಚೆಂದ ಎಂಬ ನಿಮ್ಮ ಮಾತನ್ನು ನಾನು ಅಲ್ಲಗಳೆಯುತ್ತಿಲ್ಲ. ಛಾಯಾಗ್ರಾಹಕ ರಿಚರ್ಡ್ ಅವೆಡನ್ 1979ರಿಂದ 1984ರವರೆಗೆ ಅಮೆರಿಕದ ಪಶ್ಚಿಮ ಭಾಗದಲ್ಲಿ ಕೂಲಿಗಳು, ಗಣಿ ಕೆಲಸಗಾರರು, ಅಲೆಮಾರಿಗಳ ಭಾವಚಿತ್ರ ತೆಗೆದದ್ದು ಬಿಳಿ ಕಾಗದದ ಮುಂದೆ, ಬರೀ ನೆರಳಿನ ಬೆಳಕಿನಲ್ಲಿ. ಇನ್ನೊಬ್ಬ ಅಮೆರಿಕನ್ ಛಾಯಾಗ್ರಾಹಕ ಇರ್ವಿಂಗ್ ಪೆನ್ ಊರೂರಿಗೆ ಡೇರೆ ಒಯ್ದು ಅದರೊಳಗೆ ಬರುವ ಹಗಲಿನ ಬೆಳಕನ್ನೇ ನೆಚ್ಚಿಕೊಂಡರು. ಇಬ್ಬರೂ ಮೇಲಿನ ಬಿಸಿಲನ್ನು ತಡೆದರು ಎಂಬುದನ್ನು ಗಮನಿಸಿ. ನಮ್ಮ ತೊಟ್ಟಿ ಮನೆಯ ಜಗಲಿ ಇದೇ ಕೆಲಸವನ್ನು ಮಾಡುತ್ತದೆ. ಅಂಥ ಮನೆ ಸಿಕ್ಕರೆ ಫ್ಲ್ಯಾಶನ್ನು ಚೀಲದಲ್ಲೇ ಬಿಡಿ. ಇತ್ತ 2006ರಲ್ಲಿ ಬಾಲ್ಟಿಮೋರ್‌ನ ಪತ್ರಿಕಾ ಛಾಯಾಗ್ರಾಹಕ ಡೇವಿಡ್ ಹಾಬಿ ಸಣ್ಣ ಫ್ಲ್ಯಾಶನ್ನು ಕ್ಯಾಮೆರಾದಿಂದ ಬೇರ್ಪಡಿಸಿ ಬಳಸುವುದನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕಲಿಸತೊಡಗಿದರು. ಅವರ ಊರಿನಲ್ಲಿ ಜೂನ್ ತಿಂಗಳಲ್ಲೂ ಸೂರ್ಯ ಸುಮಾರು 74 ಡಿಗ್ರಿಗಿಂತ ಮೇಲೇರುವುದಿಲ್ಲ. ಆ ವಿದ್ಯೆ ನಮಗೆ ಅವರಿಗಿಂತಲೂ ಹೆಚ್ಚು ಬೇಕಾದದ್ದು ಎಂದು ನಾನು ನಂಬುತ್ತೇನೆ.

ನೀವು ಕೊಳ್ಳಬೇಕಾದದ್ದು ಹೆಚ್ಚಿಲ್ಲ. ಮ್ಯಾನ್ಯುವಲ್ ಪವರ್ ಇರುವ ಒಂದು ಫ್ಲ್ಯಾಶ್, ಅದನ್ನು ದೂರದಿಂದ ಹೊತ್ತಿಸುವ ರೇಡಿಯೊ ಟ್ರಿಗರ್, ಸ್ಟ್ಯಾಂಡ್, ಬಿಳಿ ಅಂಬ್ರೆಲಾ, ಎರಡು ಜೊತೆ ಬ್ಯಾಟರಿ. ಜೊತೆಗೆ ಮರಳಿನ ಚೀಲ ಕಡ್ಡಾಯ, ಏಕೆಂದರೆ ಬಯಲಿನಲ್ಲಿ ಅಂಬ್ರೆಲಾ ಗಾಳಿಗೆ ಹಾಯಿಯಂತೆ ಉಬ್ಬುತ್ತದೆ, ಕೆಳಗೆ ಮಕ್ಕಳು ಓಡಾಡುತ್ತಿರುತ್ತಾರೆ. ಮುಂದಿನ ಮದುವೆಗೆ ಹೋದಾಗ ಮಂಟಪದ ಹೊರಗೆ ಸೂರ್ಯ ಬೆನ್ನಿಗೆ ಬರುವ ಜಾಗವೊಂದನ್ನು ಬೆಳಿಗ್ಗೆಯೇ ಗುರುತಿಸಿಟ್ಟುಕೊಳ್ಳಿ. ಸಹಾಯಕ ಹುಡುಗನನ್ನು ಅಲ್ಲಿ ನಿಲ್ಲಿಸಿ 1/200, ಎಫ್/11ರಲ್ಲಿ ಹಿನ್ನೆಲೆಯನ್ನೂ ಫ್ಲ್ಯಾಶಿನ ಪವರ್ ಅನ್ನೂ ಮುಂಚೆಯೇ ನೋಡಿಟ್ಟುಕೊಳ್ಳಿ. ಸೂರ್ಯ ಏರಿದಂತೆ ಒಮ್ಮೆ ಮತ್ತೆ ಪರೀಕ್ಷಿಸಿ. ವಧೂವರರು ಬಂದು ನಿಂತ ಮೇಲೆ ನಿಮಗೆ ಸಿಗುವುದು ಕೆಲವೇ ನಿಮಿಷ, ಅಷ್ಟೂ ಹೊತ್ತು ನಿಮ್ಮ ಕಣ್ಣು ಅವರ ಮುಖದ ಮೇಲಿರಬೇಕು.